ಚಾಕುವಿನ ಹಿಡಿಯನ್ನೂ ಒಮ್ಮೆ ನೋಡೋಣ



ಗ್ಯಾಸಿನ ದರ, ಲೈಸೆನ್ಸು, ಜಿಎಸ್‌ಟಿ, ಕೆಲಸದವರ ಕೊರತೆ ಇವುಗಳ ಬಗ್ಗೆ ನಮ್ಮ ಪತ್ರಿಕೆಯಲ್ಲಿ ಬರೆಯುವವರು ಅನೇಕರಿದ್ದಾರೆ. ಅವೆಲ್ಲ ದೊಡ್ಡ ವಿಷಯಗಳು, ಬರೆಯಲೇಬೇಕು. ಈ ಸಲ ನಾವು ಎತ್ತಿಕೊಂಡಿರುವುದು ಬಹಳ ಸಣ್ಣ ವಿಷಯ. ಅಡುಗೆಮನೆಯ ಚಾಕುವಿನ ಹಿಡಿ. ಅದೂ ಮರದ ಹಿಡಿಯಲ್ಲ, ಈಗ ಎಲ್ಲರ ಕೈಯಲ್ಲೂ ಇರುವ ಫೈಬರ್, ಪ್ಲಾಸ್ಟಿಕ್, ಬೇಕಲೈಟ್ ಹಿಡಿ. ಇದಕ್ಕೂ ಒಂದು ಲೇಖನವೇ ಎಂದು ಕೆಲವರು ನಗಬಹುದು. ನಕ್ಕ ಮೇಲೆ ಒಮ್ಮೆ ಎದ್ದು ನಿಮ್ಮ ಕಿಚನ್ನಿಗೆ ಹೋಗಿ, ಇರುವ ಚಾಕುಗಳನ್ನೆಲ್ಲ ಒಂದು ತಟ್ಟೆಯಲ್ಲಿ ಹಾಕಿಸಿ ನೋಡಿ. ಎಷ್ಟರ ಹಿಡಿ ಅಲ್ಲಾಡುತ್ತಿದೆ, ಎಷ್ಟಕ್ಕೆ ಟೇಪು ಸುತ್ತಿದೆ, ಎಷ್ಟರ ತುದಿ ಭಟ್ಟಿಯ ಪಕ್ಕ ಕರಗಿ ವಕ್ರವಾಗಿದೆ ಎಂದು ಲೆಕ್ಕ ಹಾಕಿ. ಆಮೇಲೆ ಓದು ಮುಂದುವರಿಸಿ.

ನಾವು ಗಲ್ಲಾದ ಮೇಲೆ ಕುಳಿತು ಟೈಲ್ಸ್ ಯಾವುದು ಹಾಕಿಸಬೇಕು, ಚಿಮಣಿ ಎಷ್ಟು ದೊಡ್ಡದಿರಬೇಕು, ಗ್ರೈಂಡರ್ ಯಾವ ಕಂಪೆನಿಯದು ಎಂದು ವಾರಗಟ್ಟಲೆ ಯೋಚಿಸುತ್ತೇವೆ. ಚಾಕು ಮಾತ್ರ ಹುಡುಗ ಹೇಳಿದಾಗ ತುಳಶೀಬಾಗಿನಿಂದಲೋ ಬೋಹರಿ ಆಳಿಯಿಂದಲೋ ಡಜನ್ ಲೆಕ್ಕದಲ್ಲಿ ಬರುತ್ತದೆ. ಅಲಗು ಚೆನ್ನಾಗಿದೆಯೇ, ಧಾರ ನಿಲ್ಲುತ್ತದೆಯೇ ಎಂದು ಕೇಳುವವರಿದ್ದಾರೆ. ಹಿಡಿ ಯಾವುದರದ್ದು ಎಂದು ಕೇಳುವವರು ಕಡಿಮೆ. ಕೇಳಿದರೂ ಅಂಗಡಿಯವನ ಉತ್ತರ ಒಂದೇ: "ಫೈಬರ್ ಹೈ ಸೇಠ್, ಕುಛ್ ನಹೀ ಹೋತಾ." ಏನೂ ಆಗುವುದಿಲ್ಲ ಎಂಬ ಈ ಮಾತೇ ತಪ್ಪು ಎನ್ನುವುದು ನಮ್ಮ ಅಭಿಪ್ರಾಯ. ಫೈಬರ್ ಹಿಡಿಗೆ ಮರದ ಹಿಡಿಯಷ್ಟು ಆರೈಕೆ ಬೇಡ, ನಿಜ. ಆದರೆ ಅದಕ್ಕೆ ಬೇಕಾದ ಆರೈಕೆ ಬೇರೆ ತರಹದ್ದು.

ಮೆಟ್ಟುಕತ್ತಿಯ ಕಾಲ ಮುಗಿದ ಮೇಲೆ

ನಮ್ಮ ಹಿರಿಯರು ಉಡುಪಿ, ಕುಂದಾಪುರ ಕಡೆಯಿಂದ ಪುಣೆಗೆ ಬಂದು ಹೋಟೆಲು ಹಾಕಿದಾಗ ತರಕಾರಿ ಹೆಚ್ಚುವುದು ನೆಲದ ಮೇಲೆ ಕುಳಿತು. ನಮ್ಮೂರಿನ ಮೆಟ್ಟುಕತ್ತಿ, ಘಟ್ಟದ ಮೇಲಿನವರ ಈಳಿಗೆಮಣೆ, ಇಲ್ಲಿನ ಮರಾಠಿಯವರ ವಿಳಿ ಎಲ್ಲ ಒಂದೇ ಕುಲ. ಅದರಲ್ಲಿ ಅಲಗು ನಿಂತಿರುತ್ತದೆ, ಕಾಲು ಮಣೆಯನ್ನು ಒತ್ತಿ ಹಿಡಿದಿರುತ್ತದೆ, ಎರಡೂ ಕೈಯಲ್ಲಿ ತರಕಾರಿ ಇರುತ್ತದೆ. ಕೈಯಲ್ಲಿ ಹಿಡಿ ಎನ್ನುವುದೇ ಇಲ್ಲ.

ಈಗ ಸ್ಟೀಲಿನ ಟೇಬಲ್ಲು ಬಂತು, ನಿಂತು ಹೆಚ್ಚುವುದು ಬಂತು. ಒಂದು ಸಾಧಾರಣ ಹೋಟೆಲಿನಲ್ಲೂ ದಿನಕ್ಕೆ ಮೂಟೆಗಟ್ಟಲೆ ಕಾಂದಾ, ಟೊಮೆಟೊ, ಕೋಬಿ, ಕೊತ್ತಂಬರಿ ಹೆಚ್ಚಬೇಕು. ಈ ಕೆಲಸದ ಭಾರ ಪೂರ್ತಿ ಒಬ್ಬ ಹುಡುಗನ ಅಂಗೈಗೂ ಚಾಕುವಿನ ಹಿಡಿಗೂ ನಡುವೆ ನಡೆಯುತ್ತದೆ. ಒಂದು ದಿನದಲ್ಲಿ ಅವನು ಆ ಹಿಡಿಯನ್ನು ಎಷ್ಟು ಸಾವಿರ ಸಲ ಒತ್ತುತ್ತಾನೆ ಎಂದು ಎಣಿಸಿದವರಿಲ್ಲ. ಒದ್ದೆ ಕೈ, ಎಣ್ಣೆ ಕೈ, ಟೊಮೆಟೊ ರಸದ ಕೈ. ಹಿಡಿ ಜಾರಿದರೆ ಕೈ ಮುಂದಕ್ಕೆ ಸರಿದು ಅಲಗಿನ ಮೇಲೆ ಬರುತ್ತದೆ. ಬೆರಳಿನ ಒಳಭಾಗದ ನರಹುರಿ ಒಮ್ಮೆ ಕಡಿದುಹೋದರೆ ಹೊಲಿಗೆ ಹಾಕಿದರೂ ಬೆರಳು ಮೊದಲಿನಂತೆ ಮಡಚುತ್ತದೆ ಎಂಬ ಖಾತ್ರಿ ಇಲ್ಲ. ನಮಗೆ ಅದು ಒಂದು ವಾರದ ತೊಂದರೆ, ಆ ಹುಡುಗನಿಗೆ ಜೀವನದ ತೊಂದರೆ. ಮೊದಲು ನಮ್ಮೂರ ಹುಡುಗರಿದ್ದರು, ಈಗ ಒಡಿಶಾ, ಬಂಗಾಳ, ಉತ್ತರ ಪ್ರದೇಶ, ನೇಪಾಳದ ಹುಡುಗರು. ಕೈ ಯಾರದಾದರೂ ಕೈಯೇ.

ಫೈಬರ್ ಅಂದರೆ ಏನು?

ಅಂಗಡಿಯವನು ಫೈಬರ್ ಎಂದು ಒಂದೇ ಹೆಸರಿನಲ್ಲಿ ಕೊಡುವುದು ನಾಲ್ಕೈದು ಬೇರೆ ಬೇರೆ ವಸ್ತು. ಅವುಗಳ ಗುಣವೂ ಬೇರೆ ಬೇರೆ. ಇದನ್ನು ತಿಳಿದುಕೊಂಡರೆ ಅರ್ಧ ಕೆಲಸ ಆದಂತೆ.

ಮೊದಲನೆಯದು ಬೇಕಲೈಟ್. ಬೆಲ್ಜಿಯಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಲಿಯೋ ಬೇಕಲ್ಯಾಂಡ್ ಎಂಬ ರಸಾಯನ ಶಾಸ್ತ್ರಜ್ಞ 1907ರಲ್ಲಿ ಇದನ್ನು ಕಂಡುಹಿಡಿದ. ಫಿನಾಲ್, ಫಾರ್ಮಾಲ್ಡಿಹೈಡ್ ಎರಡನ್ನೂ ಸೇರಿಸಿ ಮಾಡಿದ ರಾಳ ಇದು. ಗಟ್ಟಿ ಬರಲೆಂದು ಮರದ ಹುಡಿಯನ್ನು ಬೆರೆಸುತ್ತಾರೆ. ನಮ್ಮ ಪ್ರೆಷರ್ ಕುಕ್ಕರಿನ ಕಪ್ಪು ಹಿಡಿ, ಹಳೇ ಕಾಲದ ಕಪ್ಪು ಲೈಟ್ ಸ್ವಿಚ್ಚು ಇದರದ್ದೇ. ಬಿಸಿಗೆ ಕರಗುವುದಿಲ್ಲ, ಆದರೆ ಕೆಳಗೆ ಬಿದ್ದರೆ ಬಿರುಕು ಬಿಡುತ್ತದೆ. ಅತಿ ಬಿಸಿಯಾದರೆ ಸುಟ್ಟು ಹುಡಿಯಾಗುತ್ತದೆ.

ಎರಡನೆಯದು ಮೈಕಾರ್ಟಾ. ಬಟ್ಟೆಯನ್ನೋ ಕಾಗದವನ್ನೋ ಪದರ ಪದರವಾಗಿ ಇಟ್ಟು, ಅದೇ ಜಾತಿಯ ರಾಳ ಕುಡಿಸಿ, ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ. ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪೆನಿ ಸುಮಾರು 1910ರ ಹೊತ್ತಿಗೆ ವಿದ್ಯುತ್ ಸಾಮಾನುಗಳಿಗಾಗಿ ಇದನ್ನು ತಯಾರಿಸಿತು. ಅದೇ ಕಂಪೆನಿಯಲ್ಲಿದ್ದ ಇಬ್ಬರು ಹೊರಗೆ ಬಂದು 1913ರಲ್ಲಿ ಫಾರ್ಮೈಕಾ ಕಂಪೆನಿ ಶುರುಮಾಡಿದರು. ನಮ್ಮ ಹೋಟೆಲ್ ಟೇಬಲ್ಲಿನ ಮೇಲಿನ ಸನ್‌ಮೈಕಾ ಇದರ ತಮ್ಮ ಎನ್ನಬಹುದು. ಟೇಬಲ್ಲಿನ ಅಂಚಿನಲ್ಲಿ ನೀರು ಸೇರಿ ಸನ್‌ಮೈಕಾ ಮೇಲೆದ್ದದ್ದನ್ನು ನಾವೆಲ್ಲ ನೋಡಿದ್ದೇವೆ. ಮೈಕಾರ್ಟಾ ಅಷ್ಟು ಬೇಗ ಸೋಲುವ ವಸ್ತುವಲ್ಲ. ಆದರೂ ಅದರ ಅಂಚು, ಮೊಳೆಯ ತೂತು, ಉಕ್ಕಿಗೆ ಅಂಟಿಸಿದ ಜಾಗ ಇವೇ ಸೂಕ್ಷ್ಮ ಜಾಗಗಳು.

ಮೂರನೆಯದು ಜಿ-10. ಗಾಜಿನ ನೂಲಿನ ಬಟ್ಟೆಗೆ ಎಪಾಕ್ಸಿ ರಾಳ ಹಾಕಿ ಮಾಡಿದ್ದು. ಟಿವಿ, ಕಂಪ್ಯೂಟರ್ ಒಳಗಿನ ಹಸಿರು ಸರ್ಕ್ಯೂಟ್ ಹಲಗೆ ಇದರ ಹತ್ತಿರದ ಸಂಬಂಧಿ. ನೀರು ಕುಡಿಯುವುದಿಲ್ಲ, ಬಹಳ ಗಟ್ಟಿ, ಬೆಲೆಯೂ ಜಾಸ್ತಿ.

ನಾಲ್ಕನೆಯದು ಪಕ್ಕಾವುಡ್. ತೆಳುವಾದ ಮರದ ಹಾಳೆಗಳಿಗೆ ರಾಳ ಕುಡಿಸಿ ಒತ್ತಿದ್ದು. ನೋಡಲು ಮರ, ಗುಣದಲ್ಲಿ ಅರ್ಧ ಮರ ಅರ್ಧ ಪ್ಲಾಸ್ಟಿಕ್.

ಕೊನೆಯದು, ನಮ್ಮಲ್ಲಿ ನೂರಕ್ಕೆ ಹೆಚ್ಚು ಪಾಲು ಇರುವುದು, ಅಚ್ಚಿನಲ್ಲಿ ಹೊಯ್ದ ಪ್ಲಾಸ್ಟಿಕ್ ಹಿಡಿ. ಪಾಲಿಪ್ರೊಪಿಲೀನ್, ನೈಲಾನ್, ಕೆಲವಕ್ಕೆ ಮೇಲೆ ರಬ್ಬರಿನಂಥ ಮೆತ್ತನೆ ಪದರ. ಮೊಳೆ ಇಲ್ಲ, ಸಂದು ಕಡಿಮೆ, ತೊಳೆಯಲು ಸುಲಭ. ಹೋಟೆಲ್ ಕೆಲಸಕ್ಕೆ ಇದೇ ಉತ್ತಮ ಎನ್ನುವುದು ನಮ್ಮ ಅನುಭವ. ಆದರೆ ಬೆಂಕಿಗೆ ಇದೇ ಎಲ್ಲಕ್ಕಿಂತ ದುರ್ಬಲ. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿಗೆ ಕರಗುತ್ತದೆ, ಅದಕ್ಕಿಂತ ಎಷ್ಟೋ ಮೊದಲೇ ಮೆತ್ತಗಾಗುತ್ತದೆ. ದೋಸೆ ಕಾವಲಿಯ ಬಿಸಿ ಇದಕ್ಕಿಂತ ಹೆಚ್ಚು. ಕಾವಲಿಯ ಅಂಚಿಗೆ ಚಾಕು ಇಟ್ಟರೆ ಹಿಡಿ ಹೋಯಿತೆಂದೇ ಲೆಕ್ಕ.

ಹಿಡಿ ಸಡಿಲ ಆಗುವುದು ಯಾಕೆ?

ಹಿಡಿ ಸಡಿಲ ಆದರೆ ನಾವು ಕಂಪೆನಿಯನ್ನು ಬಯ್ಯುತ್ತೇವೆ. ಕಾರಣ ಹೆಚ್ಚಾಗಿ ನಮ್ಮ ಮೋರಿಯಲ್ಲೇ ಇರುತ್ತದೆ.

ಬಿಸಿಯಾದರೆ ಎಲ್ಲ ವಸ್ತುವೂ ಹಿಗ್ಗುತ್ತದೆ. ಪಾಲಿಪ್ರೊಪಿಲೀನಿನಂಥ ಪ್ಲಾಸ್ಟಿಕ್ಕು ಚಾಕುವಿನ ಉಕ್ಕಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚು ಹಿಗ್ಗುತ್ತದೆ. ಕುದಿಯುವ ನೀರಿನಿಂದ ತೆಗೆದು ತಣ್ಣೀರಿಗೆ, ತಣ್ಣೀರಿನಿಂದ ಮತ್ತೆ ಕುದಿಯುವ ನೀರಿಗೆ ಹಾಕುತ್ತ ಹೋದರೆ ಉಕ್ಕೂ ಪ್ಲಾಸ್ಟಿಕ್ಕೂ ಬೇರೆ ಬೇರೆ ಲೆಕ್ಕದಲ್ಲಿ ಹಿಗ್ಗಿ ಕುಗ್ಗಿ, ಕೂದಲೆಳೆಯಷ್ಟು ಸಂದು ಬೀಳುತ್ತದೆ. ಆ ಸಂದಿನಲ್ಲಿ ಕಾಂದಾದ ರಸ, ಹಿಟ್ಟು, ಎಣ್ಣೆ ಸೇರುತ್ತದೆ. ಒಳಗಿನ ಉಕ್ಕು ತುಕ್ಕು ಹಿಡಿದು ಉಬ್ಬುತ್ತದೆ, ಸಂದು ಇನ್ನೂ ದೊಡ್ಡದಾಗುತ್ತದೆ. ಜಿ-10 ಉಕ್ಕಿನ ಲೆಕ್ಕಕ್ಕೆ ಹತ್ತಿರವಾಗಿ ಹಿಗ್ಗುತ್ತದೆ. ಅದರ ಹಿಡಿ ಬೇಗ ಸಡಿಲ ಆಗದಿರುವುದಕ್ಕೆ ಇದೂ ಒಂದು ಕಾರಣ.

ಮೊಳೆ ಹೊಡೆದ ಹಿಡಿಗಳಲ್ಲಿ ಮೊಳೆಯ ಜೊತೆ ಅಂಟೂ ಇರುತ್ತದೆ, ಸಾಮಾನ್ಯವಾಗಿ ಎಪಾಕ್ಸಿ ಅಂಟು. ಸಾಧಾರಣ ಎಪಾಕ್ಸಿ ಅಂಟು 60-80 ಡಿಗ್ರಿ ದಾಟಿದರೆ ಬಲ ಕಳೆದುಕೊಳ್ಳುತ್ತದೆ. ರಾತ್ರಿ ಹೋಟೆಲ್ ಮುಚ್ಚುವಾಗ ಎಲ್ಲ ಚಾಕುಗಳನ್ನೂ ಕುದಿಯುವ ನೀರಿನ ಪಾತ್ರೆಯಲ್ಲಿ ಹಾಕಿಟ್ಟರೆ ಕ್ರಿಮಿ ಸಾಯಬಹುದು, ಜೊತೆಗೆ ಅಂಟೂ ಸಾಯುತ್ತದೆ.

ಇನ್ನೊಂದು ಕಾರಣ ಕಾಸ್ಟಿಕ್ ಸೋಡಾ. ಚಿಮಣಿ, ಭಟ್ಟಿ ತೊಳೆಯಲು ತರುವ ಖಾರದ ಪುಡಿಯನ್ನೇ ಕೆಲವು ಕಡೆ ಚಾಕುವಿಗೂ ಹಾಕುತ್ತಾರೆ. ಬೇಕಲೈಟ್ ಮತ್ತು ಮೈಕಾರ್ಟಾದ ರಾಳಕ್ಕೆ ಕಟು ಕ್ಷಾರ ಆಗುವುದಿಲ್ಲ. ಹೊಳಪು ಹೋಗಿ, ಮೇಲ್ಮೈ ಒರಟಾಗಿ, ಬೂದಿ ಬಣ್ಣಕ್ಕೆ ತಿರುಗುತ್ತದೆ. ಪಾತ್ರೆ ತೊಳೆಯುವ ಮೆಷಿನ್ನಿನ ಪುಡಿಯಲ್ಲೂ ಕ್ಷಾರ ಇರುತ್ತದೆ, ನೀರೂ ಬಿಸಿ. ಚಾಕುವನ್ನು ಮೆಷಿನ್ನಿಗೆ ಹಾಕಬೇಡಿ.

ಎಲ್ಲಕ್ಕಿಂತ ದೊಡ್ಡ ಕಾರಣ ಚಾಕುವನ್ನು ಸುತ್ತಿಗೆ ಮಾಡುವುದು. ಹಿಡಿಯ ಬುಡದಿಂದ ಶುಂಠಿ ಜಜ್ಜುವುದು, ಏಲಕ್ಕಿ ಕುಟ್ಟುವುದು, ಡಬ್ಬದ ಮುಚ್ಚಳ ಎಬ್ಬಿಸುವುದು, ಐಸು ಒಡೆಯುವುದು. ಇನ್ನು ಕೆಲವರು ಚಾಕುವಿನ ಬೆನ್ನಿನಿಂದ ತೆಂಗಿನಕಾಯಿ ಒಡೆಯುತ್ತಾರೆ. ಕಾಯಿ ಒಡೆಯಲು ಕತ್ತಿ ಇದೆ, ಜಜ್ಜಲು ಕಲ್ಲಿದೆ. ಒಂದೊಂದು ಪೆಟ್ಟೂ ಹಿಡಿಯ ಒಳಗೆ ಕಣ್ಣಿಗೆ ಕಾಣದ ಬಿರುಕು ಮಾಡುತ್ತದೆ.

ತೊಳೆಯುವ ಕ್ರಮ

ನಮ್ಮ ಕಿಚನ್ನಿನಲ್ಲಿ ನಡೆಸಿಕೊಂಡು ಬಂದ ಕ್ರಮವನ್ನು ಇಲ್ಲಿ ಕೊಡುತ್ತೇವೆ. ಹೆಚ್ಚು ಖರ್ಚಿಲ್ಲ.

1. ಕೆಲಸ ಮುಗಿದ ಕೂಡಲೇ ಚಾಕುವನ್ನು ಹೆಚ್ಚಿದವನೇ ತೊಳೆಯಬೇಕು. ಮೋರಿಯ ರಾಶಿಗೆ ಹಾಕಬಾರದು. ಸೋಪು ನೀರಿನೊಳಗೆ ಕಾಣದ ಚಾಕು ಮೋರಿಯ ಹುಡುಗನ ಕೈ ಕೊಯ್ಯುತ್ತದೆ.

2. ಕೈಗೆ ತಡೆಯುವಷ್ಟು ಬಿಸಿನೀರು, ಸಾಧಾರಣ ಪಾತ್ರೆ ಸೋಪು ಸಾಕು. ಹಿಡಿಗೆ ಮೆತ್ತನೆ ನೈಲಾನ್ ಬ್ರಶ್ಶು ಬಳಸಿ, ಹಳೇ ಟೂತ್‌ಬ್ರಶ್ಶಿನ ಗಾತ್ರದ್ದು. ಹಿಡಿಯೂ ಅಲಗೂ ಸೇರುವ ಜಾಗ, ಮೊಳೆಯ ಸುತ್ತ, ಹಿಡಿಯ ಮೇಲಿನ ಗೀರುಗಳ ಒಳಗೆ ಉಜ್ಜಬೇಕು. ಸ್ಟೀಲ್ ಸ್ಕ್ರಬ್ಬರ್ ಬೇಡ. ಅದು ಮಾಡುವ ಗೀರಿನಲ್ಲೇ ನಾಳೆ ಜಿಡ್ಡು ಕೂರುತ್ತದೆ.

3. ಆಮೇಲೆ ಕ್ರಿಮಿನಾಶ. ಒಂದೇ ಅಚ್ಚಿನ, ಮೊಳೆಯಿಲ್ಲದ, ಬಿಸಿನೀರು ತಡೆಯುತ್ತದೆಂದು ಕಂಪೆನಿ ಹೇಳಿದ ಹಿಡಿಯಾದರೆ 77 ಡಿಗ್ರಿಯ ನೀರಿನಲ್ಲಿ ಅರ್ಧ ನಿಮಿಷ ಸಾಕು. ಮೊಳೆ, ಅಂಟು ಇರುವ ಹಿಡಿಯಾದರೆ ಕ್ಲೋರಿನ್ ನೀರೇ ಒಳ್ಳೆಯದು. 10 ಲೀಟರ್ ತಣ್ಣೀರಿಗೆ ನೂರಕ್ಕೆ 4-5 ಭಾಗ ಬಲದ ಬ್ಲೀಚ್ ದ್ರಾವಣ 20ರಿಂದ 25 ಮಿಲಿಲೀಟರ್. ಒಂದೆರಡು ನಿಮಿಷ ಅದ್ದಿ ತೆಗೆದು ಒಳ್ಳೆಯ ನೀರಿನಲ್ಲಿ ತೊಳೆಯಿರಿ. ಹೆಚ್ಚು ಹಾಕಿದರೆ ಹೆಚ್ಚು ಶುದ್ಧ ಎಂಬುದು ತಪ್ಪು. ಹೆಚ್ಚಾದರೆ ಮೊಳೆ, ಅಲಗು ಎರಡೂ ತುಕ್ಕು ಹಿಡಿಯುತ್ತವೆ. ಬ್ಲೀಚಿಗೆ ಆಸಿಡ್, ವಿನೆಗರ್ ಯಾವುದನ್ನೂ ಎಂದಿಗೂ ಬೆರೆಸಬಾರದು, ವಿಷದ ಗಾಳಿ ಬರುತ್ತದೆ.

4. ಒಣ ಬಟ್ಟೆಯಿಂದ ಒರೆಸಿ, ಗಾಳಿಯಾಡುವ ಕಡೆ ಇಡಿ. ಗೋಡೆಗೆ ಹಾಕುವ ಅಯಸ್ಕಾಂತದ ಪಟ್ಟಿ ಉತ್ತಮ, ಭಟ್ಟಿಯಿಂದ ದೂರ ಇರಲಿ. ಟೇಬಲ್ಲಿಗೂ ಗೋಡೆಗೂ ನಡುವಿನ ಸಂದಿನಲ್ಲಿ ಚಾಕು ಸಿಕ್ಕಿಸುವ ಅಭ್ಯಾಸ ನಮ್ಮ ಅನೇಕ ಕಿಚನ್ನುಗಳಲ್ಲಿದೆ. ಜಿರಲೆಯ ಮನೆಯೂ ಅದೇ ಸಂದು.

5. ಟ್ಯಾಂಕರ್ ಅಥವಾ ಬೋರಿನ ಗಡಸು ನೀರು ಬಳಸುವವರ ಚಾಕುವಿನ ಹಿಡಿಯ ಬುಡದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಲಿಂಬೆ ಹೋಳಿನಿಂದ ಉಜ್ಜಿ ಕೂಡಲೇ ನೀರಿನಲ್ಲಿ ತೊಳೆದರೆ ಹೋಗುತ್ತದೆ.

ಹಿಡಿಗೆ ಎಣ್ಣೆ ಹಚ್ಚಬೇಕೇ ಎಂದು ಕೆಲವರು ಕೇಳುತ್ತಾರೆ. ಪ್ಲಾಸ್ಟಿಕ್, ಬೇಕಲೈಟ್, ಜಿ-10 ಯಾವುದಕ್ಕೂ ಬೇಡ. ಮೈಕಾರ್ಟಾಕ್ಕೆ ಹಚ್ಚಿದರೆ ಕಪ್ಪಾಗುತ್ತದೆ, ಜಾರುತ್ತದೆ. ಪಕ್ಕಾವುಡ್ ಒಣಗಿ ಬೆಳ್ಳಗಾದರೆ ಮಾತ್ರ ಆಹಾರಕ್ಕೆ ಯೋಗ್ಯವಾದ ಲಿಕ್ವಿಡ್ ಪ್ಯಾರಾಫಿನ್ ಎರಡು ಹನಿ ಹಚ್ಚಿ ಒರೆಸಬಹುದು. ಅಡುಗೆ ಎಣ್ಣೆ ಬೇಡ, ಅಂಟಂಟಾಗಿ ವಾಸನೆ ಬರುತ್ತದೆ. ರಬ್ಬರ್ ಪದರದ ಹಿಡಿ ವರ್ಷಗಟ್ಟಲೆ ಎಣ್ಣೆ ಜಿಡ್ಡಿನಲ್ಲಿದ್ದು ಅಂಟಂಟಾದರೆ ಅದು ಕೊಳೆಯಲ್ಲ, ಪದರವೇ ಕೆಟ್ಟಿದೆ. ಎಷ್ಟು ತೊಳೆದರೂ ಸರಿಯಾಗದು, ಬದಲಾಯಿಸಬೇಕು.

ಅರಿಶಿನದ ಕಲೆಗೆ ಹೆದರಬೇಡಿ. ಬಿಳಿ ಹಿಡಿ ಹಳದಿಯಾದರೆ ಆಸಿಡ್ ಹಾಕುವ ಅಗತ್ಯವಿಲ್ಲ. ಚೆನ್ನಾಗಿ ತೊಳೆದು ಎರಡು ಮೂರು ಗಂಟೆ ಬಿಸಿಲಿಗೆ ಇಡಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ ಎಂಬುದು ಸೀರೆ ಒಣಗಿಸುವ ನಮ್ಮ ಮನೆಯ ಹೆಂಗಸರಿಗೆಲ್ಲ ಗೊತ್ತು. ಆದರೆ ದಿನವಿಡೀ ಟೆರೇಸಿನಲ್ಲೇ ಬಿಟ್ಟರೆ ಪ್ಲಾಸ್ಟಿಕ್ಕೂ ಬಿಸಿಲಿಗೆ ಪುಡಿಯಾಗುತ್ತದೆ.

ಜಿ-10, ಮೈಕಾರ್ಟಾ ಹಿಡಿಯನ್ನು ಪಾಲಿಶ್ ಕಾಗದದಿಂದ ಉಜ್ಜಿ ಸರಿಮಾಡುವವರು ಅಡುಗೆಮನೆಯ ಹೊರಗೆ, ಮೂಗು ಬಾಯಿ ಕಟ್ಟಿಕೊಂಡು, ನೀರು ಹಾಕಿ ಉಜ್ಜಬೇಕು. ಜಿ-10ರ ಧೂಳಿನಲ್ಲಿ ಗಾಜಿನ ನೂಲು ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ರಸ್ತೆ ಬದಿಯ ಧಾರವಾಲಾನಿಗೆ ಕೊಡುವಾಗಲೂ ಹಿಡಿಯ ಬುಡದವರೆಗೆ ಸಾಣೆ ಒತ್ತಬೇಡ ಎಂದು ಹೇಳಬೇಕು. ಉಕ್ಕು ಕಾದರೆ ಹಿಡಿಯ ಒಳಗಿನ ಅಂಟು ಬಿಡುತ್ತದೆ.

ಬಣ್ಣದ ಹಿಡಿಯಿಂದ ನಮಗೊಂದು ಲಾಭ

ಬ್ರಿಟನ್ನಿನ ಹೋಟೆಲುಗಳಲ್ಲಿ ಹಿಡಿಯ ಬಣ್ಣದ ಪದ್ಧತಿ ಇದೆ. ಹಸಿ ಮಾಂಸಕ್ಕೆ ಕೆಂಪು, ಹಸಿ ಮೀನಿಗೆ ನೀಲಿ, ಬೇಯಿಸಿದ ಮಾಂಸಕ್ಕೆ ಹಳದಿ, ಸಲಾಡು ಹಣ್ಣಿಗೆ ಹಸಿರು, ತರಕಾರಿಗೆ ಕಂದು, ಬೇಕರಿ ಮತ್ತು ಹಾಲಿನ ಪದಾರ್ಥಗಳಿಗೆ ಬಿಳಿ. ಒಂದರ ರಸ ಇನ್ನೊಂದಕ್ಕೆ ತಾಗಬಾರದು ಎಂದು ಈ ವ್ಯವಸ್ಥೆ. ನಾವು ಶುದ್ಧ ಶಾಕಾಹಾರಿ, ನಮಗೇಕೆ ಎನ್ನಬಹುದು. ಆದರೆ ಪುಣೆಯಲ್ಲಿ ಜೈನ್ ಪಾವ್‌ಭಾಜಿ, ಜೈನ್ ಸಾಂಬಾರು ಕೇಳುವ ಗಿರಾಕಿ ಎಷ್ಟು ಜನ ಇದ್ದಾರೆ ಎಂದು ನಮಗೆಲ್ಲ ಗೊತ್ತು. ಕಾಂದಾ, ಬೆಳ್ಳುಳ್ಳಿ, ಬಟಾಟೆ ಮುಟ್ಟದವರಿಗೆ ಬೇರೆ ಪಾತ್ರೆಯಲ್ಲಿ ಅಡುಗೆ ಮಾಡಿ, ಕಾಂದಾ ಹೆಚ್ಚಿದ ಚಾಕುವಿನಿಂದಲೇ ಟೊಮೆಟೊ ಹೆಚ್ಚಿ ಹಾಕಿದರೆ ಅದು ಜೈನ್ ಆಯಿತೇ? ಮೆನು ಕಾರ್ಡಿನಲ್ಲಿ ಬರೆದ ಮಾತಿಗೆ ನಾವು ಬದ್ಧರಿರಬೇಕು.

ಜೈನ್ ಕೆಲಸಕ್ಕೆ ಒಂದೇ ಬಣ್ಣದ ಹಿಡಿಯ ಎರಡು ಚಾಕು ಬೇರೆ ಇಡಿ. ಹಸಿರೋ ನೀಲಿಯೋ ನಿಮಗೆ ಬಿಟ್ಟದ್ದು. ಓದು ಬಾರದ ಹುಡುಗನಿಗೂ ಬಣ್ಣ ಅರ್ಥವಾಗುತ್ತದೆ. ಶೇಂಗಾ, ಗೋಡಂಬಿ ಆಗದ ಗಿರಾಕಿಗೂ ಇದೇ ಉಪಾಯ ನಡೆಯುತ್ತದೆ.

ಟೇಪು ಸುತ್ತಿದ ಹಿಡಿ

ಈಗ ಮುಖ್ಯ ಮಾತಿಗೆ ಬರೋಣ. ಹಿಡಿ ಬಿರುಕು ಬಿಟ್ಟರೆ ನಮ್ಮ ಹುಡುಗರು ಏನು ಮಾಡುತ್ತಾರೆ? ಕಪ್ಪು ವೈರಿಂಗ್ ಟೇಪು ಸುತ್ತುತ್ತಾರೆ. ಇಲ್ಲವಾದರೆ ಸುತಲಿ, ರಬ್ಬರ್ ಬ್ಯಾಂಡು, ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ಕು. ಟೇಪಿನ ಒಳಗೆ ನೀರು, ಹಿಟ್ಟು, ಬೆವರು ಎಲ್ಲ ಸೇರಿ ಕೊಳೆಯುತ್ತದೆ, ಹೊರಗೆ ಏನೂ ಕಾಣದು. ಟೇಪಿನ ಚೂರು ಗಿರಾಕಿಯ ಪಲ್ಯದಲ್ಲಿ ಸಿಕ್ಕಿದರೆ ನಮ್ಮ ಇಪ್ಪತ್ತು ಮೂವತ್ತು ವರ್ಷದ ಹೆಸರು ಒಂದು ಮೊಬೈಲ್ ಫೋಟೋದಲ್ಲಿ ಹೋಗುತ್ತದೆ.

ಹುಡುಗರು ಯಾಕೆ ಟೇಪು ಸುತ್ತುತ್ತಾರೆ? ಸೋಮಾರಿತನದಿಂದ ಎಂದು ನಾವು ಹೇಳುತ್ತೇವೆ. ಅದು ಪೂರ್ತಿ ನಿಜವಲ್ಲ. ಅನೇಕ ಹೋಟೆಲುಗಳಲ್ಲಿ ಚಾಕು ಮುರಿದರೆ, ಗ್ಲಾಸು ಒಡೆದರೆ ಸಂಬಳದಲ್ಲಿ ಹಿಡಿಯುವ ಪದ್ಧತಿ ಇದೆ. ನೂರೈವತ್ತು ರೂಪಾಯಿ ಹೋಗುತ್ತದೆ ಎಂದು ಗೊತ್ತಿದ್ದರೆ ಯಾವ ಹುಡುಗ ಬಿರುಕು ಬಿಟ್ಟ ಚಾಕುವನ್ನು ಮ್ಯಾನೇಜರಿಗೆ ತೋರಿಸುತ್ತಾನೆ? ಮುಚ್ಚಿಡುತ್ತಾನೆ. ಅದನ್ನೇ ಬಳಸುತ್ತಾನೆ. ನಗರದ ಒಂದು ಕಿಚನ್ನಿನಲ್ಲಿ ನಾವೇ ಕಂಡದ್ದು: ಸುತಲಿ ಸುತ್ತಿದ ಹಿಡಿ ಕೋಬಿ ಹೆಚ್ಚುವಾಗ ಎರಡಾಗಿ ಬಿಟ್ಟುಕೊಂಡು, ಒಳಗಿನ ಉಕ್ಕಿನ ಪಟ್ಟಿ ಹುಡುಗನ ಅಂಗೈಗೆ ಇಳಿದಿತ್ತು. ಆರು ಹೊಲಿಗೆ, ಇಪ್ಪತ್ತು ದಿನ ರಜೆ. ಆ ಹೊತ್ತಿನ ಡಾಕ್ಟರ ಖರ್ಚಿನಲ್ಲಿ ಎರಡು ಡಜನ್ ಹೊಸ ಚಾಕು ಬರುತ್ತಿತ್ತು.

ಆದ್ದರಿಂದ ನಮ್ಮ ಸ್ಪಷ್ಟ ಅಭಿಪ್ರಾಯ ಇದು: ಚಾಕುವಿಗೆ ದಂಡ ಹಿಡಿಯಬಾರದು. ಕೆಟ್ಟ ಚಾಕು ತಂದು ತೋರಿಸಿದವನಿಗೆ ಆ ಕ್ಷಣವೇ ಹೊಸದು ಕೊಡಬೇಕು, ಮಾತಿಲ್ಲದೆ. "ಹೇಗೆ ಮುರಿದೆ?" ಎಂಬ ಪ್ರಶ್ನೆಯನ್ನು ನಗುತ್ತ ಕೇಳಿ, ಗದರಿಸಿ ಕೇಳಬೇಡಿ. ಶುಂಠಿ ಜಜ್ಜಿದೆ ಎಂದು ಅವನು ನಿಜ ಹೇಳಿದರೆ ಒಂದು ಕುಟ್ಟಣಿ ತಂದುಕೊಡಿ. ದಂಡದಿಂದ ಉಳಿಯುವ ಹಣ ಗಲ್ಲಾಕ್ಕೆ ಕಾಣುತ್ತದೆ, ದಂಡದಿಂದ ಆಗುವ ನಷ್ಟ ಕಾಣುವುದಿಲ್ಲ.

ಬಿಸಾಡುವುದು ಯಾವಾಗ?

ತಿಂಗಳ 1ನೇ ತಾರೀಕು ಎಲ್ಲ ಚಾಕುಗಳನ್ನೂ ಒಂದು ಕಡೆ ಹಾಕಿ ನಾಲ್ಕು ಪರೀಕ್ಷೆ ಮಾಡಿ. ಕಣ್ಣಿನಿಂದ ನೋಡಿ: ಬಿರುಕು, ಕರಗಿದ ಗುರುತು, ಬುಡದಲ್ಲಿ ತುಕ್ಕಿನ ಗೆರೆ ಇದೆಯೇ? ಕೈಯಿಂದ ಅಲ್ಲಾಡಿಸಿ: ಅಲಗು ಕದಲುತ್ತದೆಯೇ? ಉಗುರಿನಿಂದ ಗೀರಿ: ಹಿಡಿಗೂ ಉಕ್ಕಿಗೂ ನಡುವೆ ಉಗುರು ಸಿಕ್ಕುತ್ತದೆಯೇ, ಮೊಳೆ ಮೇಲೆದ್ದಿದೆಯೇ? ಕೊನೆಗೆ ಮೂಸಿ: ತೊಳೆದು ಒಣಗಿದ ಮೇಲೂ ಹಳಸಿದ ವಾಸನೆ ಇದ್ದರೆ ಒಳಗೆ ಕೊಳೆ ಸೇರಿದೆ ಎಂದರ್ಥ. ನಾಲ್ಕರಲ್ಲಿ ಒಂದರಲ್ಲಿ ಸೋತರೂ ಆ ಚಾಕು ಅಡುಗೆಮನೆಯಿಂದ ಹೊರಗೆ ಹೋಗಬೇಕು. ಬಹಳ ಬೆಲೆಯ ಅಲಗಾದರೆ ಹೊಸ ಹಿಡಿ ಹಾಕಿಸಿ. ಅಗ್ಗದ್ದಾದರೆ ಅಲಗಿಗೆ ರಟ್ಟು ಸುತ್ತಿ ಕಸಕ್ಕೆ ಹಾಕಿ, ಕಸ ಎತ್ತುವವರ ಕೈಯೂ ಕೈಯೇ.

ಹಾಗಾದರೆ ಮರವೇ ಒಳ್ಳೆಯದಿತ್ತಲ್ಲ ಎಂದು ಹಿರಿಯರೊಬ್ಬರು ನಮಗೆ ಹೇಳಿದರು. ಅದರಲ್ಲಿ ಸ್ವಲ್ಪ ಸತ್ಯ ಇದೆ. 1990ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಡೀನ್ ಕ್ಲೈವರ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು ತರಕಾರಿ ಹೆಚ್ಚುವ ಮಣೆಗಳನ್ನು ಪರೀಕ್ಷಿಸಿದರು. ಚಾಕುವಿನ ಗೀರು ಬಿದ್ದ ಹಳೇ ಪ್ಲಾಸ್ಟಿಕ್ ಮಣೆಯನ್ನು ಕೈಯಿಂದ ತೊಳೆದು ಶುದ್ಧ ಮಾಡುವುದು ಕಷ್ಟ, ಮರದ ಮಣೆ ಜನ ತಿಳಿದಷ್ಟು ಕೆಟ್ಟದ್ದಲ್ಲ ಎಂದು ಅವರಿಗೆ ಕಂಡುಬಂತು. ಅದು ಮಣೆಯ ಮಾತು. ಆದರೂ ಹಿಡಿಗೆ ಅದರಿಂದ ಒಂದು ಪಾಠ ಇದೆ. ಪ್ಲಾಸ್ಟಿಕ್ ನುಣುಪಾಗಿರುವವರೆಗೆ ಮಾತ್ರ ಶುದ್ಧ. ಗೀರು, ಬಿರುಕು ಬಿದ್ದ ಮೇಲೆ ಅದಕ್ಕೆ ಮರಕ್ಕಿಂತ ಹೆಚ್ಚಿನ ಯೋಗ್ಯತೆ ಇಲ್ಲ. ಮರಕ್ಕೆ ಹಿಂತಿರುಗಬೇಕಿಲ್ಲ, ಫೈಬರಿಗೂ ಒಂದು ಆಯುಷ್ಯ ಇದೆ ಎಂದು ಒಪ್ಪಿಕೊಂಡರೆ ಸಾಕು.

ಕಾನೂನು ಏನು ಹೇಳುತ್ತದೆ?

ಆಹಾರ ಸುರಕ್ಷತೆ ಕಾಯಿದೆ 2006ರಲ್ಲಿ ಬಂತು, ಲೈಸೆನ್ಸಿನ ನಿಯಮಾವಳಿ 2011ರಲ್ಲಿ. ಆ ನಿಯಮಾವಳಿಯ 4ನೇ ಪರಿಶಿಷ್ಟದಲ್ಲಿ ಸ್ವಚ್ಛತೆಯ ಕ್ರಮಗಳಿವೆ, ಅದರ 5ನೇ ಭಾಗ ನಮ್ಮಂಥ ಹೋಟೆಲು, ಕೇಟರಿಂಗಿನವರಿಗೆ ಸಂಬಂಧಪಟ್ಟದ್ದು. ಆಹಾರಕ್ಕೆ ತಾಗುವ ಸಾಮಾನು ತುಕ್ಕು ಹಿಡಿಯದ, ಸುಲಭವಾಗಿ ತೊಳೆಯಲು ಬರುವ ವಸ್ತುವಿನದ್ದಾಗಿರಬೇಕು ಎಂಬುದು ಅದರ ಸಾರ. ಅಸ್ವಚ್ಛ ರೀತಿಯಲ್ಲಿ ಆಹಾರ ತಯಾರಿಸಿದರೆ ಕಾಯಿದೆಯ 56ನೇ ಕಲಮಿನಲ್ಲಿ 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಎಫ್‌ಡಿಎ ಇನ್‌ಸ್ಪೆಕ್ಟರ್ ಚಾಕುವಿನ ಹಿಡಿ ನೋಡುತ್ತಾರೆಯೇ ಎಂದು ಕೇಳಬೇಡಿ. ಕಿಚನ್ನಿಗೆ ಬಂದವರಿಗೆ ಕಣ್ಣೆದುರು ಟೇಪು ಸುತ್ತಿದ ಚಾಕು ಕಂಡರೆ, ಉಳಿದದ್ದನ್ನು ನೋಡುವ ದೃಷ್ಟಿಯೇ ಬದಲಾಗುತ್ತದೆ.

ಕೊನೆಯ ಮಾತು

ಇಷ್ಟೆಲ್ಲ ಮಾಡಲು ಯಾರಿಗೆ ಪುರುಸೊತ್ತಿದೆ, ಅಗ್ಗದ ಚಾಕು ತಂದು ಬಿಸಾಡಿದರೆ ಆಯಿತಲ್ಲ ಎನ್ನುವವರಿದ್ದಾರೆ. ಅದೂ ಒಂದು ದಾರಿ, ನಮ್ಮ ತಕರಾರಿಲ್ಲ. ಆದರೆ ನಿಜವಾಗಿ ಬಿಸಾಡಬೇಕು. ಒಳ್ಳೆಯ ಚಾಕು ತಂದು ಜೋಪಾನ ಮಾಡಿ, ಇಲ್ಲವೇ ಅಗ್ಗದ್ದು ತಂದು ಹೊತ್ತಿಗೆ ಸರಿಯಾಗಿ ಬದಲಾಯಿಸಿ. ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಮೂರನೆಯದು: ಅಗ್ಗದ್ದು ತರುವುದು, ಜೋಪಾನ ಮಾಡದಿರುವುದು, ಬದಲಾಯಿಸದಿರುವುದು. ಅದೇ ಎಲ್ಲಕ್ಕಿಂತ ದುಬಾರಿ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಏನು ಪ್ರಯೋಜನ?

ನಮ್ಮ ಸಂಘದ ಮುಂದೆ ಎರಡು ಸಲಹೆ ಇಡುತ್ತೇವೆ. ಒಂದು, ಸದಸ್ಯರೆಲ್ಲ ಸೇರಿ ಒಂದೇ ತರಹದ, ಒಂದೇ ಅಚ್ಚಿನ ಹಿಡಿಯ ಚಾಕುಗಳನ್ನು ವರ್ಷಕ್ಕೆರಡು ಸಲ ಸಗಟು ಖರೀದಿ ಮಾಡಿದರೆ ಬೆಲೆಯೂ ಇಳಿಯುತ್ತದೆ, ಹಿಡಿ ಯಾವ ವಸ್ತುವಿನದು ಎಂದು ತಯಾರಕರಿಂದ ಬರೆಸಿಕೊಳ್ಳಲೂ ಬರುತ್ತದೆ. ಎರಡು, ಕಟ್ಟಿಂಗ್ ಹುಡುಗರಿಗೆ, ಮೋರಿಯವರಿಗೆ ಮಧ್ಯಾಹ್ನದ ಬಿಡುವಿನಲ್ಲಿ ಒಂದು ಗಂಟೆಯ ತರಗತಿ, ಹಿಂದಿಯಲ್ಲಿ, ಕೈಯಲ್ಲಿ ಚಾಕು ಹಿಡಿದು ತೋರಿಸುವಂಥದ್ದು. ಭಾಷಣ ಬೇಡ.

ಇದಕ್ಕೆಲ್ಲ ಸಂಘದ ತೀರ್ಮಾನಕ್ಕೆ ಕಾಯಬೇಕೆಂದಿಲ್ಲ. ಮಾಲಕರು ವಾರಕ್ಕೊಮ್ಮೆ ಗಲ್ಲಾದಿಂದ ಎದ್ದು, ಕಟ್ಟಿಂಗ್ ಟೇಬಲ್ಲಿನ ಬಳಿ ಐದು ನಿಮಿಷ ನಿಂತು, ಹುಡುಗನ ಕೈಯಿಂದ ಚಾಕು ತೆಗೆದುಕೊಂಡು ನಾಲ್ಕು ಕಾಂದಾ ಹೆಚ್ಚಿ ನೋಡಲಿ. ಆ ಹಿಡಿ ನಮ್ಮ ಕೈಗೆ ಜಾರಿದರೆ ಅವನ ಕೈಗೂ ಜಾರುತ್ತದೆ. ಸದಸ್ಯ ಬಂಧುಗಳು ತಮ್ಮ ಕಿಚನ್ನಿನ ಕ್ರಮವನ್ನೂ ಬರೆದು ತಿಳಿಸಬೇಕಾಗಿ ವಿನಂತಿ.